ಕಲ್ಗವಿಯ ಖಾಲಿ ಡಬ್ಬಿಗಳು

ಚಂದ್ರನ ಮೇಲೆ ಉಗ್ರಾಣ ಕಟ್ಟುವುದು ಮೂರ್ಖತನ ಎಂದು ವನಮಾಲ ಹನ್ನೆರಡು ವರ್ಷಗಳಿಂದ ಹೇಳುತ್ತ ಬಂದಿದ್ದಳು. ಹನ್ನೆರಡು ವರ್ಷಗಳಲ್ಲಿ ಒಬ್ಬರೂ ಅದನ್ನು ಅಲ್ಲಗಳೆದಿರಲಿಲ್ಲ. ಒಬ್ಬರೂ ಅಲ್ಲಗಳೆಯದ ಮಾತನ್ನು ಸ್ವಲ್ಪ ಅನುಮಾನದಿಂದ ನೋಡಬೇಕೆಂಬ ಬುದ್ಧಿ ಅವಳಿಗೆ ಬಂದದ್ದು ಚಂದ್ರನಲ್ಲಿರುವ ಕಲ್ಗವಿಗೆ ಹೋದ ಮೇಲೆ, ಅದೂ ಒಂದು ಸ್ಟೀಲ್ ಬಟ್ಟಲಿನ ದೆಸೆಯಿಂದ.

ಅವಳ ವಾದ ಸರಳವಾಗಿತ್ತು. ಚಂದ್ರನ ನೆಲದಡಿ ಬಂಡೆ ಕೊರೆದು ಮಾಡಿದ ಕೋಣೆಗೆ ಗಾಳಿ ತುಂಬಬೇಕು, ಅದನ್ನು ಬೆಚ್ಚಗಿಡಬೇಕು, ಸೋರದಂತೆ ಕಾಯಬೇಕು. ನಾಲ್ಕು ಮೂಟೆ ಅಕ್ಕಿ ಇಡುವ ಜಾಗದಲ್ಲಿ ಒಬ್ಬ ಮನುಷ್ಯ ಮಲಗಬಹುದು. ಮೂಟೆಗಳನ್ನು ಒಳಗೆ ಮಲಗಿಸಿದರೆ ಮನುಷ್ಯ ಹೊರಗೆ ಮಲಗಬೇಕಾಗುತ್ತದೆ, ಮತ್ತು ಅಲ್ಲಿ ಹೊರಗೆ ಮಲಗಿದವನು ಏಳುವುದಿಲ್ಲ. ಆದ್ದರಿಂದ ಏನನ್ನೂ ಕೂಡಿಡಬಾರದು. ಬೇಕಾದದ್ದು ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು.

ಇದಕ್ಕಾಗಿ ಅವಳು ಕಟ್ಟಿದ ವ್ಯವಸ್ಥೆಯ ಹೆಸರು ‘ಒದಗು’. ಪ್ರತಿ ಮನೆಗೂ ಹದಿನಾಲ್ಕು ಸಾಮಾನು, ಪ್ರತಿ ಸಾಮಾನಿಗೂ ಜೋಡಿ ಡಬ್ಬಿ. ಒಂದು ಡಬ್ಬಿ ಮುಗಿದೊಡನೆ ಗೋಡೆಯ ಕಿಂಡಿಯಲ್ಲಿಟ್ಟರೆ ಅದು ಚಲಿಸುವ ಪಟ್ಟಿಯ ಮೇಲೆ ಸಾಗಿ ನಿಯಂತ್ರಣ ಕೋಣೆಗೆ ಬರುತ್ತಿತ್ತು. ಅಲ್ಲಿಯ ತೂಕದ ಹಲಗೆ ‘ಖಾಲಿ’ ಎಂದರೆ ಸುದ್ದಿ ಭೂಮಿಗೆ ಹೋಗಿ, ವಾರಕ್ಕೊಮ್ಮೆ ಇಳಿಯುವ ಸರಕು ನೌಕೆಗೆ ಅಷ್ಟು ತೂಕ ಹತ್ತುತ್ತಿತ್ತು. ನೌಕೆ ಬರುವವರೆಗೆ ಡಬ್ಬಿ ಪಟ್ಟಿಯ ಮೇಲೆ ಸುಮ್ಮನೆ ಸುತ್ತುತ್ತಿತ್ತು, ಯಾಕೆಂದರೆ ಇಳಿಸಿ ಇಡಲು ಜಾಗವೇ ಇರಲಿಲ್ಲ. ಎರಡನೆಯದು ಮುಗಿಯುವ ಮುಂಚೆ ಮೊದಲನೆಯದು ತುಂಬಿಕೊಂಡು ಯಾವುದಾದರೊಂದು ಮನೆಯ ಕಿಂಡಿಗೆ ಬಂದು ಕೂರುತ್ತಿತ್ತು. ಖಾಲಿ ಡಬ್ಬಿಯೇ ಅರ್ಜಿ, ಅದೇ ರುಜು. ಉಗ್ರಾಣ ಎಲ್ಲಿ ಎಂದು ಯಾರಾದರೂ ಕೇಳಿದರೆ ವನಮಾಲ ಆಕಾಶ ತೋರಿಸುತ್ತಿದ್ದಳು.

ಕಲ್ಗವಿಯಿಂದ ನಲವತ್ತು ಕಿಲೋಮೀಟರ್ ಆಚೆಯ ಶಿಖರ ನೆಲೆಯಲ್ಲಿ ಹದಿನೆಂಟು ಜನ ಎಂಜಿನಿಯರುಗಳು ‘ಒದಗು’ ವ್ಯವಸ್ಥೆಯನ್ನು ಎರಡು ವರ್ಷ ಚಾಚೂ ತಪ್ಪದೆ ಪಾಲಿಸಿದ್ದರು. ಅವರಿಗೆ ‘ಶೂನ್ಯ ಪದಕ’ ಸಿಕ್ಕಿತ್ತು. ಬೇರೆಯವರ ಮನೆಯಲ್ಲಿ ಕಪಾಟು ಇರುವ ಜಾಗದಲ್ಲಿ ಅವರು ಅದನ್ನು ತೂಗುಹಾಕಿದ್ದರು.

ಕಲ್ಗವಿಯ ಕಥೆ ಬೇರೆ. ಅದನ್ನು ಕೊರೆದವರು ಇಳಕಲ್ಲಿನ ಕಡೆಯ ಕಲ್ಲುಕುಟಿಗರು. ಚಂದ್ರನ ಬಂಡೆಗೆ ತಾಗಿ ಮೂರು ದೇಶಗಳ ಯಂತ್ರಗಳ ಹಲ್ಲು ಮುರಿದ ಮೇಲೆ ಇವರನ್ನು ಕರೆಸಿದ್ದರು. ಇವರು ಸುತ್ತಿಗೆಯಿಂದ ಎರಡು ಸಲ ತಟ್ಟಿ, ಕೈಯಲ್ಲಿ ಬಂದ ಅದುರಿನಿಂದಲೇ ಕಲ್ಲಿನ ಎಳೆ ಯಾವ ಕಡೆಗಿದೆ ಎಂದು ಹೇಳುತ್ತಿದ್ದರು. ಎರಡು ವರ್ಷ ಕಳೆದ ಮೇಲೆ, ಇನ್ನು ಹೆಂಡಿರು ಮಕ್ಕಳಿಲ್ಲದೆ ಒಂದು ಚಕ್ಕೆಯನ್ನೂ ಎಬ್ಬಿಸುವುದಿಲ್ಲ ಎಂದು ಕೂತರು. ಚಂದ್ರನ ನೆಲೆಗಳನ್ನು ನಡೆಸುವ ಸಂಸ್ಥೆ ಒಪ್ಪಿತು, ಆದರೆ ನೂರು ದಿನದ ಪರೀಕ್ಷೆಗೆ. ಎಂಬತ್ತು ಸಂಸಾರ, ಮುನ್ನೂರ ಇಪ್ಪತ್ತು ಜನ. ನೂರು ದಿನ ದಾಸ್ತಾನಿಲ್ಲದೆ ಬಾಳಿ ತೋರಿಸಿದರೆ ಸಂಸಾರಗಳು ಉಳಿಯಬಹುದು. ಇಲ್ಲವಾದರೆ ಎಲ್ಲರೂ ಮುಂದಿನ ನೌಕೆಯಲ್ಲಿ ಭೂಮಿಗೆ ಇಳಿಯಬೇಕು. ಸರಬರಾಜು ಅಧಿಕಾರಿಯಾಗಿ ಬಂದವಳು ಸ್ವತಃ ವನಮಾಲ: ನಂಜನಗೂಡಿನವಳು, ವಯಸ್ಸು ನಲವತ್ತಾರು, ಒಂಟಿ, ಸಾಮಾನು ಕಡಿಮೆ.

ಮೊದಲ ಎರಡು ವಾರ ಎಲ್ಲವೂ ಅತಿ ಚೆನ್ನಾಗಿ ನಡೆಯಿತು. ಡಬ್ಬಿಗಳು ಬಂದವು, ಹೋದವು, ಹಲಗೆ ತೂಗಿತು. ಬೇಡಿಕೆ ಮಾತ್ರ ನಿರೀಕ್ಷೆಗಿಂತ ತುಂಬಾ ಕಡಿಮೆ ಇತ್ತು. ಭೂಮಿಯಿಂದ ಸಂಸ್ಥೆಯ ನಿರ್ದೇಶಕ ಬಳ್ಳಕುರಾಯರು ಅಭಿನಂದನೆ ಕಳಿಸಿದರು: ಈ ಜನರ ಮಿತಾಹಾರ ಎಲ್ಲರಿಗೂ ಮಾದರಿ. ಇಪ್ಪತ್ತನೆಯ ದಿನ ಮೂರನೇ ಓಣಿಯಲ್ಲಿ ಉಪ್ಪು ಮುಗಿಯಿತು. ಸಂಜೆಯೊಳಗೆ ಇಪ್ಪತ್ತಾರು ಮನೆಗಳಲ್ಲಿ ಜೋಳದ ಹಿಟ್ಟಿರಲಿಲ್ಲ.

ವನಮಾಲ ನಿಯಂತ್ರಣ ಕೋಣೆಯಲ್ಲಿ ಸುತ್ತುತ್ತಿದ್ದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಮುಚ್ಚಳ ತೆಗೆದಳು. ಉಪ್ಪಿನ ಡಬ್ಬಿಯಲ್ಲಿ ಒಂದು ಹಿಡಿ ಸಕ್ಕರೆ ಇತ್ತು. ಹಿಟ್ಟಿನ ಡಬ್ಬಿಯಲ್ಲಿ ಶೇಂಗಾ. ಬೇಳೆಯ ಡಬ್ಬಿಯಲ್ಲಿ ಎರಡು ಉತ್ತತ್ತಿ, ಎಣ್ಣೆಯ ಡಬ್ಬಿಯಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ತುಂಡು. ನಾಲ್ಕುನೂರಕ್ಕೂ ಹೆಚ್ಚು ಡಬ್ಬಿಗಳಲ್ಲಿ ಬರಿದಾದದ್ದು ಒಂದೂ ಇರಲಿಲ್ಲ. ಹಲಗೆ ಪ್ರಾಮಾಣಿಕವಾಗಿ ಎಲ್ಲದಕ್ಕೂ ‘ಖಾಲಿ ಅಲ್ಲ’ ಎಂದು ಬರೆದಿತ್ತು.

ಪಕ್ಕದ ಮನೆಯ ನೀಲವ್ವ ಕಂದಗಲ್ಲ ಆಗ ರೊಟ್ಟಿ ಬಡಿಯುತ್ತಿದ್ದಳು, ಪಕ್ಕದ ಓಣಿಯಿಂದ ಕಡ ತಂದ ಹಿಟ್ಟಿನಿಂದ. ಚಂದ್ರನ ಮೇಲೆ ರೊಟ್ಟಿ ಬಡಿದರೆ ಬಡಿದವರು ಮೇಲೇಳುತ್ತಾರೆ. ಅದಕ್ಕೇ ಅವಳ ಗಂಡ ಸಂಗಪ್ಪ ಒಲೆಯ ಮುಂದೆ ಕಲ್ಲಿನ ಅಡ್ಡಪಟ್ಟಿ ಕೂರಿಸಿದ್ದ; ಅದರಡಿ ಕಾಲು ತೂರಿಸಿ ಅವಳು ಕೂರುತ್ತಿದ್ದಳು. ವನಮಾಲ ವಿಷಯ ವಿವರಿಸಿದಳು. ನೀಲವ್ವ ಪೂರ್ತಿ ಕೇಳಿ ರೊಟ್ಟಿ ಮಗುಚಿದಳು.

“ಖಾಲಿ ಡಬ್ಬಿ ಹೆಂಗ ಕಳಸ್ಬೇಕ್ರೀ ಅಕ್ಕಾರ? ನೀವು ತುಂಬಿ ಕಳಸ್ತೀರಿ. ನಾವು ಬರಿದ ಕಳಸಿದ್ರ, ಒಂದೋ ನಮ್ಮ ಮನ್ಯಾಗ ಯಾರೋ ಹೋಗ್ಯಾರ, ಇಲ್ಲಾ ನಿಮ್ಮ ಮ್ಯಾಲ ನಮಗ ಸಿಟ್ಟೈತಿ ಅಂತ ಅರ್ಥ ಆಕ್ಕೈತಿ.”

“ನಾನು ತುಂಬಲ್ಲ ನೀಲವ್ವ. ಮೆಷಿನ್ ತುಂಬುತ್ತೆ.”

“ಮಷೀನಿಗೆ ರೀತಿ ರಿವಾಜು ಗೊತ್ತಿಲ್ಲ ಅಂತ ನಮಗೂ ಗೊತ್ತಿರಬಾರ್ದೇನ್ರೀ?”

ಆ ಮಾತಿಗೆ ವನಮಾಲಳಿಗೆ ನೆನಪಾದದ್ದು ತನ್ನ ಮನೆಯಲ್ಲಿದ್ದ ಒಂದು ಬಟ್ಟಲು. ಹನ್ನೊಂದನೆಯ ದಿನ ನೀಲವ್ವ ಅದರಲ್ಲಿ ಶೇಂಗಾ ಹಿಂಡಿ, ನಂಜನಗೂಡಿನ ಬಾಯಲ್ಲಿ ಕಡಲೆಕಾಯಿ ಚಟ್ನಿಪುಡಿ, ತಂದುಕೊಟ್ಟಿದ್ದಳು. ತಳದಲ್ಲಿ ‘ನೀ. ಸಂ. ಕಂದಗಲ್ಲ’ ಎಂದು ಚುಕ್ಕೆಚುಕ್ಕೆಯಾಗಿ ಕೊರೆದಿದ್ದ ಬಟ್ಟಲು. ಹಿಂಡಿ ಮೂರು ದಿನದಲ್ಲಿ ಮುಗಿಯಿತು. ಬಟ್ಟಲನ್ನು ಬರಿದೇ ಮರಳಿಸಲು ವನಮಾಲಳಿಗೂ ಕೈ ಬರಲಿಲ್ಲ. ನಂಜನಗೂಡಿನಲ್ಲಿ ಅವಳ ಅಜ್ಜಿಯೂ ಪಕ್ಕದವರ ಪಾತ್ರೆಗೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಿದ್ದದ್ದು. ಆದರೆ ‘ಒದಗು’ ಅವಳಿಗೆ ವಾರಕ್ಕೆ ತೊಂಬತ್ತೆರಡು ಗ್ರಾಂ ಸಕ್ಕರೆ ಕೊಡುತ್ತಿತ್ತು, ಅವಳು ತಿನ್ನುತ್ತಿದ್ದದ್ದು ಸರಿಯಾಗಿ ತೊಂಬತ್ತೆರಡು ಗ್ರಾಂ. ಬಟ್ಟಲಿಗೆ ಹಾಕಲು ಅವಳ ಬಳಿ ಏನೂ ಮಿಗುತ್ತಿರಲಿಲ್ಲ. ಇಷ್ಟು ಕರಾರುವಾಕ್ಕಾದ ವ್ಯವಸ್ಥೆಯನ್ನು ಕಟ್ಟಿದವಳು ತಾನೇ ಎಂಬುದೂ ಅವಳಿಗೆ ನೆನಪಿತ್ತು.

ಆದರೂ ಅಧಿಕಾರಿಯಾದ್ದರಿಂದ ಸುತ್ತೋಲೆ ಹೊರಡಿಸಿದಳು: ದಯವಿಟ್ಟು ಡಬ್ಬಿಗಳನ್ನು ಪೂರ್ತಿ ಖಾಲಿಯಾಗಿ ಕಳುಹಿಸುವುದು. ಓಣಿಯವರು ಗೌರವದಿಂದ ಓದಿದರು. ಮರುದಿನದಿಂದ ಡಬ್ಬಿಗಳಲ್ಲಿ ಹಿಡಿಯ ಬದಲು ಐದೈದು ಕಾಳು ಬಂದವು. ಹಲಗೆ ಐದು ಕಾಳನ್ನೂ ಬಿಡುತ್ತಿರಲಿಲ್ಲ.

ಇಪ್ಪತ್ತಮೂರನೆಯ ದಿನ ವನಮಾಲ ಕೋಣೆಯ ಬಾಗಿಲು ಹಾಕಿಕೊಂಡು ಹನ್ನೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ಮನೆಗಳಿಗೆ ಗುಳೇದಗುಡ್ಡದ ಖಣದ ತುಂಡುಗಳು ಬಂದಿದ್ದವು, ಕುಪ್ಪಸ ಹೊಲಿದು ಮಿಕ್ಕವು. ಕೊಡುವುದನ್ನು ಆ ತುಂಡಿನಲ್ಲಿ ಗಂಟು ಕಟ್ಟಿ ಹಾಕಿ ಎಂದು ಹೇಳಿಕಳಿಸಿದಳು. ಹಲಗೆಗೆ ಗಂಟನ್ನು ಎಣಿಸಬೇಡ ಎಂದು ಕಲಿಸಿದಳು. ಯಂತ್ರದ ತೋಳಿಗೆ ಗಂಟನ್ನು ಮೆಲ್ಲಗೆ ಎತ್ತಿ, ಡಬ್ಬಿ ತುಂಬಿ, ಗಂಟನ್ನು ಮತ್ತೆ ಮೇಲಿಡಲು ಕಲಿಸಿದಳು. ಹೀಗೆ ಒಬ್ಬರ ಮನೆಯ ಗಂಟು ಇನ್ನೊಬ್ಬರ ಮನೆಗೆ ಹೋಯಿತು. ಹಿಟ್ಟು ಬಂತು, ಉಪ್ಪು ಬಂತು. ಬಳ್ಳಕುರಾಯರಿಗೆ ಮಾತ್ರ ಅವಳು ಏನನ್ನೂ ಹೇಳಲಿಲ್ಲ.

ಅವಳು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಒಂದೇ ಸಂಗತಿ. ಬೇರೆಯವರ ಗಂಟು ಮನೆಗೆ ಬಂದಾಗ, ಬಂದದ್ದಕ್ಕಿಂತ ಕಡಿಮೆಯನ್ನು ಮುಂದೆ ಕಳಿಸುವ ಹೆಂಗಸು ಕಲ್ಗವಿಯಲ್ಲಿ ಇರಲಿಲ್ಲ.

ಗಂಟು ಬಂದರೆ ಬಿಚ್ಚಿ ನೋಡುವರು, ಎರಡು ಕಾಳು ಬಾಯಿಗೆ ಹಾಕಿಕೊಳ್ಳುವರು, ತಮ್ಮದಿಷ್ಟು ಸೇರಿಸಿ ಮರುದಿನದ ಡಬ್ಬಿಯಲ್ಲಿ ಕಳಿಸುವರು. ಹಸಿರು ಖಣ ಮೂರನೇ ಓಣಿಯದು, ಅವರು ಪುಟಾಣಿ, ಅಂದರೆ ಹುರಿಗಡಲೆ, ಬಿಟ್ಟು ಬೇರೆ ಹಾಕುವುದಿಲ್ಲ ಎಂಬ ಟೀಕೆ ಹುಟ್ಟಿತು. ಅದು ಮೂರನೇ ಓಣಿಗೆ ತಲುಪಿ, ಅಲ್ಲಿಂದ ಶೇಂಗಾ ಉಂಡಿ ಹೊರಟಿತು. ಶೇಂಗಾ ಉಂಡಿಗೆ ಐದನೇ ಓಣಿ ಬೆಲ್ಲದ ಅವಲಕ್ಕಿಯಿಂದ ಉತ್ತರ ಕೊಟ್ಟಿತು. ನಲವತ್ತು ಗ್ರಾಂ ಇದ್ದ ಗಂಟು ಐವತ್ತನೆಯ ದಿನಕ್ಕೆ ಇನ್ನೂರಾಯಿತು. ಸೇರಿಸಿದ್ದು ಅವರವರ ಡಬ್ಬಿಯಿಂದಲೇ ಹೋಗುತ್ತಿದ್ದುದರಿಂದ ಡಬ್ಬಿಗಳು ಬೇಗ ಮುಗಿದು, ವಾರವಾರವೂ ಸರಕು ಸ್ವಲ್ಪ ಹೆಚ್ಚುತ್ತಿತ್ತು. ಭೂಮಿಯ ಕಂಪ್ಯೂಟರ್ ಈ ಹೆಚ್ಚಳಕ್ಕೆ ಕಾರಣ ಹುಡುಕಿ, ‘ಹಸಿವು ಸುಧಾರಿಸಿದೆ’ ಎಂದು ಟಿಪ್ಪಣಿ ಬರೆದುಕೊಂಡಿತು.

ಗಂಟುಗಳು ವನಮಾಲಳ ಕಿಂಡಿಗೂ ಬಂದವು. ಒಂದನ್ನು ಬಿಚ್ಚಿ ಬಟ್ಟಲಿಗೆ ಸುರಿದು ಕೊಟ್ಟರಾಯಿತು ಎಂದು ಒಮ್ಮೆ ಯೋಚಿಸಿದಳು. ಆದರೆ ನಲವತ್ತು ದಿನ ಇಟ್ಟುಕೊಂಡ ಬಟ್ಟಲನ್ನು ಬೇರೆಯವರ ಪುಟಾಣಿ ಹಾಕಿ ಮರಳಿಸುವುದು ಬರಿದೇ ಕೊಡುವುದಕ್ಕಿಂತ ಕಡೆ ಅನ್ನಿಸಿತು. ಬಟ್ಟಲು ಕೂತಲ್ಲೇ ಕೂತಿತು. ನೀಲವ್ವ ಒಳಗೆ ಬಂದಾಗಲೆಲ್ಲ ಅದರ ಕಡೆ ನೋಡದಿರುವ ಸೌಜನ್ಯ ತೋರುತ್ತಿದ್ದಳು. ಅದು ಇನ್ನೂ ಕಷ್ಟವಾಗಿತ್ತು.

ಎಂಬತ್ತೊಂದನೆಯ ದಿನ ಸೂರ್ಯನಲ್ಲಿ ಬಿರುಗಾಳಿ ಎದ್ದಿತು.

ಬಂಡೆಯಡಿ ಇದ್ದವರಿಗೆ ಅದು ತಿಳಿಯಲೂ ಇಲ್ಲ. ಆದರೆ ಆ ಕಣಗಳ ಮಳೆಯಲ್ಲಿ ಸರಕು ನೌಕೆಗಳ ಮಿದುಳು ಕೆಡುತ್ತದೆ; ಹನ್ನೊಂದು ದಿನ ಒಂದೂ ಇಳಿಯುವಂತಿಲ್ಲ ಎಂದು ಸುದ್ದಿ ಬಂತು. ಮನೆಮನೆಯ ಎರಡನೆಯ ಡಬ್ಬಿಗಳನ್ನೆಲ್ಲ ವನಮಾಲ ಲೆಕ್ಕ ಹಾಕಿದಳು. ಎಂಟು ದಿನಕ್ಕೆ ಸಾಕು, ಮೂರು ದಿನಕ್ಕೆ ಇಲ್ಲ. ಆಕಾಶದಲ್ಲಿದ್ದ ಉಗ್ರಾಣಕ್ಕೆ ಬೀಗ ಬಿದ್ದಿತ್ತು.

ಬಳ್ಳಕುರಾಯರು ಪರದೆಯ ಮೇಲೆ ಬಂದರು. ಅವರು ಮಂಗಳೂರಿನ ಕಡೆಯವರು, ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನು ಸಮಾಧಾನದಿಂದ ಹೇಳುವುದರಲ್ಲಿ ನುರಿತವರು. ಭೂಮಿಯಿಂದ ಮಾತು ಹೋಗಿ ಬರಲು ಎರಡೂವರೆ ಸೆಕೆಂಡು ಬೇಕಾದ್ದರಿಂದ ಅವರ ಪ್ರತಿ ಮಾತಿನ ನಂತರವೂ ಒಂದು ಮೌನ ಇರುತ್ತಿತ್ತು.

ಬಿರುಗಾಳಿ ತನ್ನ ಏಳನೆಯ ದಿನ ಐದು ಗಂಟೆ ಬಿಡುವು ಕೊಡುತ್ತದಂತೆ; ಭೂಮಿಯಿಂದ ಸರಕು ಬರಲು ಅದು ಸಾಲದು. ಆಗ ಚಂದ್ರನ ಮೇಲೇ ನಿಂತಿರುವ ತುರ್ತು ನೌಕೆಗಳಲ್ಲಿ ಎಂಬತ್ತು ಸಂಸಾರಗಳನ್ನೂ ಭೂಮಿಗೆ ಇಳಿಸಿಬಿಡುವುದು ಎಂದು ತೀರ್ಮಾನವಾಗಿತ್ತು. ಇಳಿದವರು ಮತ್ತೆ ಹತ್ತುವರೇ ಎಂದು ಅವಳು ಕೇಳಿದಳು. ಪರೀಕ್ಷೆ ಅಲ್ಲಿಗೆ ಮುಗಿದ ಹಾಗೆ, ಸಂಸಾರಗಳಿಗೆ ಈ ಜಾಗ ಅಲ್ಲ ಎಂದು ಸಾಬೀತಾದ ಹಾಗೆ ಎಂದರು. ತಪ್ಪು ಯಾರದ್ದೂ ಅಲ್ಲ ಎಂದು ಸೇರಿಸಿದರು.

ವನಮಾಲ ತಿರುಗಿ ಪಟ್ಟಿಯ ಕಡೆ ನೋಡಿದಳು. ಡಬ್ಬಿಗಳು ಸುತ್ತುತ್ತಿದ್ದವು. ಮುಚ್ಚಳದ ಸಂದಿಯಿಂದ ಕೆಂಪು, ಹಸಿರು, ಅರಿಶಿನ ಬಣ್ಣದ ಖಣದ ತುದಿಗಳು ಇಣುಕುತ್ತಿದ್ದವು. ಗಂಟನ್ನು ಎಣಿಸಬೇಡ ಎಂದು ತಾನೇ ಬಾಯಿ ಕಟ್ಟಿದ್ದ ಹಲಗೆಯನ್ನು ಅವಳು, ಮೊದಲ ಸಲ, ಗಂಟುಗಳ ತೂಕ ಕೇಳಿದಳು. ಬಂದ ಅಂಕಿಯನ್ನು ನಂಬದೆ ಎರಡನೆಯ ಸಲ ಕೇಳಿದಳು.

ಹೇಳಿದರೆ ಅಕ್ರಮ ದಾಸ್ತಾನು ಬಯಲಾಗಿ ಪರೀಕ್ಷೆ ಸೋಲಬಹುದು. ಹೇಳದಿದ್ದರೆ ಏಳನೆಯ ದಿನ ಸೋಲುವುದಂತೂ ಖಂಡಿತ. ಅವಳು ಹೇಳಿದಳು.

“ಸರ್, ಯಾರೂ ಇಳಿಯೋದು ಬೇಡ. ಡಬ್ಬಿಗಳಲ್ಲಿ ಇದೆ.”

“ಖಾಲಿ ಡಬ್ಬಿಯಲ್ಲಿ ಎಂತದ್ದು ಉಂಟು ಮಾರಾಯ್ರೆ?”

“ಮರ್ಯಾದೆ ಸರ್.”

ಎರಡೂವರೆ ಸೆಕೆಂಡಿಗಿಂತ ಉದ್ದದ ಮೌನ. “ಎಷ್ಟು?”

“ಐನೂರ ಇಪ್ಪತ್ತಾರು ಕಿಲೋ.”

ಮನೆಗೆ ಹದಿನಾಲ್ಕರಂತೆ ಸಾವಿರದ ನೂರ ಇಪ್ಪತ್ತು ಗಂಟು, ಒಂದೊಂದೂ ಸುಮಾರು ನಾನೂರ ಎಪ್ಪತ್ತು ಗ್ರಾಂ. ಶೇಂಗಾ, ಬೆಲ್ಲ, ಅವಲಕ್ಕಿ, ಪುಟಾಣಿ, ಉಂಡಿ. ಕಲ್ಗವಿಯ ಮೂರು ದಿನದ ಹೊಟ್ಟೆಗೆ ಬೇಕಾದದ್ದು ನಾನೂರ ಎಂಬತ್ತು ಕಿಲೋ. ಬಳ್ಳಕುರಾಯರು ಕನ್ನಡಕ ತೆಗೆದು ಒರೆಸಿದರು. ನಿಯಮಾವಳಿಯ ಪ್ರಕಾರ ಇದು ದಾಸ್ತಾನು ಅಲ್ಲವೇ ಎಂದು ಕೇಳಿದರು. ವನಮಾಲ ಪುಸ್ತಕ ತೆರೆಯದೆ ನಾಲ್ಕನೆಯ ನಿಯಮ ಹೇಳಿದಳು: ಬಳಕೆಯಲ್ಲಿಲ್ಲದೆ ಒಂದೇ ಜಾಗದಲ್ಲಿ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಂತ ವಸ್ತು ದಾಸ್ತಾನು. ಈ ಗಂಟುಗಳು ಒಂದು ದಿನವೂ ಎಲ್ಲೂ ನಿಂತಿಲ್ಲ. ಮನೆಯಿಂದ ಪಟ್ಟಿಗೆ, ಪಟ್ಟಿಯಿಂದ ಮನೆಗೆ ಅರುವತ್ತು ದಿನಗಳಿಂದ ನಡೆಯುತ್ತಲೇ ಇವೆ. ಆ ನಿಯಮ ಬರೆದವರು ಯಾರೆಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

“ಆಯ್ತು. ಹನ್ನೊಂದು ದಿನ ದಾಟಿಸಿ ತೋರಿಸಿ. ದಾಟಿದರೆ ನಾನೇ ನೋಡ್ಲಿಕ್ಕೆ ಬರ್ತೇನೆ.”

ಏಳನೆಯ ದಿನದ ಬಿಡುವಿನಲ್ಲಿ ಕಲ್ಗವಿಯಿಂದ ಯಾರೂ ಹೊರಗೆ ಹೋಗಲಿಲ್ಲ. ಒಳಗೆ ಬಂದರು. ಶಿಖರ ನೆಲೆಯ ಹದಿನೆಂಟು ಜನರ ಎರಡನೆಯ ಡಬ್ಬಿ ಆರನೆಯ ದಿನವೇ ಮುಗಿದಿತ್ತು. ಅವರು ಭೂಮಿಗೆ ಇಳಿದರೆ ನೋಡಿಕೊಳ್ಳುವವರಿಲ್ಲದೆ ನೆಲೆಯ ಯಂತ್ರಗಳು ಹೆಪ್ಪುಗಟ್ಟುತ್ತವೆ; ಕಲ್ಗವಿಯಲ್ಲಿದ್ದರೆ ಅವನ್ನು ಅಲ್ಲಿಂದಲೇ ನಡೆಸಬಹುದು. ಅವರನ್ನು ನಾಲ್ಕು ದಿನ ಸಾಕಬಹುದೇ ಎಂದು ಬಳ್ಳಕುರಾಯರು ಸಂಕೋಚದಿಂದ ಕೇಳಿದ್ದರು. ವನಮಾಲ ಲೆಕ್ಕ ಹಾಕಿ ನೋಡಿದ್ದಳು: ಅವರೂ ಉಂಡ ಮೇಲೆ ಹತ್ತು ಕಿಲೋ ಮಿಗುತ್ತಿತ್ತು.

ಎರಡು ಗಾಡಿಗಳಲ್ಲಿ ಬಂದ ಅವರು ನಿಯಮದಂತೆ ತಮ್ಮ ಡಬ್ಬಿಗಳನ್ನೂ ತಂದಿದ್ದರು. ನೀಲವ್ವ ಒಂದನ್ನು ತೆರೆದು ಒಳಗೆ ನೋಡಿದಳು, ಇನ್ನೊಂದನ್ನು ತೆರೆದಳು, ಮೂರನೆಯದನ್ನು ತೆರೆದಳು. ಎಲ್ಲವೂ ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಅವಳ ಮುಖ ಸಣ್ಣದಾಯಿತು. ವನಮಾಲಳನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ವಿಚಾರಿಸಿದಳು.

“ಪಾಪ, ಇವರ ಪೈಕಿ ಯಾರ್ ಹೋದ್ರ್ರೀ ಅಕ್ಕಾರ?”

ಯಾರೂ ಹೋಗಿಲ್ಲ, ಇವರು ಪದಕ ಪಡೆದವರು ಎಂದು ವನಮಾಲ ಹೇಳಿದಳು. ನೀಲವ್ವ ನಂಬಿದಂತೆ ಕಾಣಲಿಲ್ಲ. ಆ ಹೊತ್ತಿನಿಂದ ಹದಿನೆಂಟು ಎಂಜಿನಿಯರುಗಳಿಗೆ ದುಃಖದ ಮನೆಯವರಿಗೆ ಸಲ್ಲುವ ಉಪಚಾರ ನಡೆಯಿತು. ಓಣಿಯವರು ಸರದಿಯಂತೆ ಊಟಕ್ಕೆ ಕರೆದರು, ಹೆಚ್ಚು ಮಾತಾಡಿಸಲಿಲ್ಲ, ಒತ್ತಾಯ ಮಾಡಿ ಬಡಿಸಿದರು. ಅವರ ಮುಖ್ಯಸ್ಥ ತ್ರಿವಿಕ್ರಮ, ಎರಡು ವರ್ಷ ಊಟವನ್ನು ಗ್ರಾಮಿನಲ್ಲಿ ಬರೆದಿಟ್ಟವನು, ಎರಡನೆಯ ದಿನ ಬರೆಯುವುದನ್ನು ಬಿಟ್ಟ.

ಎಂಟನೆಯ ದಿನದ ಸಂಜೆ ಎಲ್ಲ ಡಬ್ಬಿಗಳೂ ಬರಿದಾದವು. ವನಮಾಲ ಪಟ್ಟಿಯ ವೇಗ ಹೆಚ್ಚಿಸಿ ಗಂಟುಗಳನ್ನು ಮನೆಗೆ ಹದಿನಾಲ್ಕರಂತೆ ಕಳಿಸಿಕೊಟ್ಟಳು. ಗಂಟು ಬಿಚ್ಚಿದಾಗ ಅದೊಂದು ಹಬ್ಬದಂತೆಯೇ ಆಯಿತು. ಐದನೇ ಓಣಿಯ ಅವಲಕ್ಕಿಗೆ ಮೂರನೇ ಓಣಿಯ ಶೇಂಗಾ ಸೇರಿತು. ಯಾರ ಗಂಟಿನಲ್ಲಿ ಏನಿತ್ತು ಎಂಬ ತನಿಖೆಯಲ್ಲೇ ಮೂರು ದಿನ ಕಳೆದವು. ಹಸಿರು ಖಣದ ಮೇಲಿದ್ದ ಹಳೆಯ ಆಪಾದನೆಯನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಲಾಯಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಮೊದಲ ಸರಕು ನೌಕೆ ಇಳಿದಾಗ ಕಲ್ಗವಿಯಲ್ಲಿ ಹಸಿದವರು ಯಾರೂ ಇರಲಿಲ್ಲ. ಬಂಡೆ ಕೊರೆಯುವ ಕೆಲಸ ಒಂದು ದಿನವೂ ನಿಂತಿರಲಿಲ್ಲ. ನೌಕೆಯ ಚಾಲಕ ಸ್ಟ್ರೆಚರ್ ಹಿಡಿದುಕೊಂಡು ಬಂದಿದ್ದ. ಸಂಗಪ್ಪ ಅದನ್ನು ಇಸಿದುಕೊಂಡು ನಾಲ್ಕು ಚಪ್ಪಡಿ ಸಾಗಿಸಿ, ವಾಪಸು ಕೊಡುವಾಗ ಮೇಲೊಂದು ಉಂಡಿ ಇಟ್ಟು ಕೊಟ್ಟ. ಎಂಜಿನಿಯರುಗಳು ಶಿಖರಕ್ಕೆ ಹೊರಟಾಗ ಓಣಿಯವರು ತುಂಬಿ ಕೊಟ್ಟು ಕಳಿಸಿದ್ದ ಡಬ್ಬಿಗಳು ಆ ವಾರವೇ ಮರಳಿದವು. ಪ್ರತಿಯೊಂದರಲ್ಲೂ ಕರವಸ್ತ್ರದಲ್ಲಿ ಕಟ್ಟಿದ ಒಣದ್ರಾಕ್ಷಿ ಇತ್ತು. ಎಂಜಿನಿಯರುಗಳಾದ್ದರಿಂದ ಎಲ್ಲ ಗಂಟೂ ಒಂದೇ ತೂಕ.

ನೂರನೆಯ ದಿನ ಬಳ್ಳಕುರಾಯರು ಹೇಳಿದಂತೆ ಬಂದರು. ಚಂದ್ರನ ನಡಿಗೆ ಅಭ್ಯಾಸವಿಲ್ಲದ್ದರಿಂದ ಪ್ರತಿ ಹೆಜ್ಜೆಗೂ ಒಂದಿಷ್ಟು ಹಾರುತ್ತ, ಎಂಬತ್ತು ಮನೆಗಳನ್ನೂ ನೋಡಿದರು. ಪ್ರತಿ ಮನೆಯಲ್ಲೂ ಏನಾದರೂ ತಿನ್ನಬೇಕಾಯಿತು. ಕೊನೆಗೆ ಸರಬರಾಜು ಅಧಿಕಾರಿಯ ಮನೆ ನೋಡಿದರು, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತು, ಒಂದೆರಡು ಪ್ರಶ್ನೆ ಕೇಳಿ ಬರೆದುಕೊಂಡರು. ಆಮೇಲೆ ಎಲ್ಲರನ್ನೂ ದೊಡ್ಡ ಗವಿಯಲ್ಲಿ ಸೇರಿಸಿ ವರದಿ ಓದಿದರು.

ಕಲ್ಗವಿಯ ಸಂಸಾರಗಳು ಕಾಯಮ್ಮಾಗಿ ಉಳಿಯಬಹುದು. ಗಂಟಿನ ಪದ್ಧತಿಯನ್ನು ಇನ್ನು ಮುಂದೆ ಚಂದ್ರನ ಎಲ್ಲ ನೆಲೆಗಳಲ್ಲೂ ಕಡ್ಡಾಯ ಮಾಡಲಾಗಿದೆ. ಖಣದ ಪೂರೈಕೆಗೆ ಆದೇಶ ಹೋಗಿದೆ. ಗವಿಯೊಳಗೆ ಶಿಳ್ಳೆ, ಚಪ್ಪಾಳೆ ತುಂಬಿಕೊಂಡವು. ಸಂಗಪ್ಪನ ಕಡೆಯವರು ಸುತ್ತಿಗೆಯಿಂದ ಬಂಡೆಯನ್ನು ತಾಳಕ್ಕೆ ತಟ್ಟಿದರು, ಅದು ಎಂಬತ್ತು ಮನೆಗಳಲ್ಲೂ ಕಾಲಡಿಯಲ್ಲಿ ಅದುರಿತು. ಸದ್ದು ಇಳಿದ ಮೇಲೆ ಬಳ್ಳಕುರಾಯರು ಹಾಳೆ ತಿರುಗಿಸಿದರು. ಒಂದು ಲೋಪ ಇದೆ, ಓದಲೇಬೇಕಾಗಿದೆ ಎಂದರು.

“ದಾಸ್ತಾನು: ಒಂದು. ವಿವರ: ಸ್ಟೀಲ್ ಬಟ್ಟಲು, ಖಾಲಿ. ಸ್ಥಳ: ಸರಬರಾಜು ಅಧಿಕಾರಿಯ ಮನೆ. ನಿಂತ ಅವಧಿ: ಎಂಬತ್ತೊಂಬತ್ತು ದಿನ.”

ಹನ್ನೆರಡು ವರ್ಷದ ವೃತ್ತಿಯಲ್ಲಿ ವನಮಾಲಳ ಹೆಸರಿಗೆ ಬಿದ್ದ ಮೊದಲ ದಾಸ್ತಾನು ಅದು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಮನೆಗೆ ಬಂದು ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂತಳು. ವಾರದ ತೊಂಬತ್ತೆರಡು ಗ್ರಾಂ ಸಕ್ಕರೆಯನ್ನೂ ಸುರಿದಳು, ಇದ್ದ ರವೆಯನ್ನೆಲ್ಲ ಹುರಿದಳು, ತುಪ್ಪದ ಡಬ್ಬಿಯ ತಳ ಕೆರೆದಳು. ಶಿಖರದ ಒಣದ್ರಾಕ್ಷಿಯನ್ನೂ ಬಿಡಲಿಲ್ಲ. ಅಜ್ಜಿ ಕಟ್ಟುತ್ತಿದ್ದ ಹಾಗೆ ರವೆ ಉಂಡೆ ಕಟ್ಟಿದಳು, ಒಂಬತ್ತು ಆದವು. ಮೂರು ಡಬ್ಬಿಗಳನ್ನು, ಒಂದೊಂದರಲ್ಲೂ ಪುಟ್ಟ ಗಂಟಿಟ್ಟು, ಕಿಂಡಿಗೆ ಹಾಕಿದಳು. ಭೂಮಿಯ ಕಂಪ್ಯೂಟರ್ ಅವಳ ಹಸಿವಿನ ಬಗ್ಗೆ ಏನು ಬೇಕಾದರೂ ಬರೆದುಕೊಳ್ಳಲಿ.

ಬಟ್ಟಲು ತುಂಬಿಕೊಂಡು ಪಕ್ಕದ ಮನೆಗೆ ಹೋದಳು. ನೀಲವ್ವ ಅಡ್ಡಪಟ್ಟಿಯಡಿಯಿಂದ ಕಾಲು ತೆಗೆದು ಎದ್ದು ಬಂದಳು. ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅದರ ನೆನಪೇ ತನಗಿರಲಿಲ್ಲ ಎಂಬಂಥ ಮುಖ ಮಾಡಿದಳು.

“ಅವಸರ ಏನಿತ್ರೀ ಅಕ್ಕಾರ?”

ಉಂಡೆಗಳನ್ನು ತಟ್ಟೆಗೆ ಬಗ್ಗಿಸಿ, ಬಟ್ಟಲು ತೊಳೆದು ಸೆರಗಿನಲ್ಲಿ ಒರೆಸಿದಳು. ಒಳಗೆ ಹೋಗಿ ಏನೋ ಹಾಕಿಕೊಂಡು ಬಂದು ವನಮಾಲಳ ಕೈಗೆ ಕೊಟ್ಟಳು. ಶೇಂಗಾ ಹಿಂಡಿ, ಅಂಚಿನವರೆಗೆ.

ವನಮಾಲ ಗಡಿಯಾರ ನೋಡಿಕೊಂಡಳು. ಬಟ್ಟಲು ಮತ್ತೆ ದಾಸ್ತಾನಾಗಲು ಇನ್ನೂ ಇಪ್ಪತ್ತನಾಲ್ಕು ಗಂಟೆ ಇತ್ತು.